ಊಟದ ಮೇಜಿನ ಮೇಲೆ ರೋಮನ್ ಸೈನ್ಯ

ಇಂಗ್ಲೆಂಡಿನಲ್ಲಿರುವ ತಂಗಿಯ ಮನೆಗೆ ಹೋದಾಗ ಅವಳದು ಒಂದೇ ಗೋಳು: "ನೋಡಕ್ಕ, ಊಟದ ಮೇಜನ್ನೂ ಬಿಡೋಲ್ಲ ನಿನ್ನ ಮಗ!"

ಮೇಜಿನ ತುಂಬ 15 ಮಿಲಿಮೀಟರ್ ಎತ್ತರದ ಲೋಹದ ರೋಮನ್ ಸಿಪಾಯಿಗಳು. ಥೇಟ್ ದಸರೆ ಗೊಂಬೆಗಳೇ! ಮೊದಲೊಂದು ಕೈ ಕಪ್ಪು ಬಳಿದು, ಒಣಗಿದ ಮೇಲೆ ಸಣ್ಣ ಕುಂಚದಿಂದ ಗುರಾಣಿಗೆ ಕೆಂಪು, ಶಿರಸ್ತ್ರಾಣಕ್ಕೆ ಹಿತ್ತಾಳೆ ಬಣ್ಣ. ಕತ್ತಿಯವರು ನಾಲ್ವರನ್ನು ಒಂದು ಪಟ್ಟಿಗೆ ಅಂಟಿಸಿದರೆ ಒಂದು ತುಕಡಿ. 12 ತುಕಡಿ ಸೇರಿ ಸೈನ್ಯ. ಹುಡುಗನಿಗೆ ಮೂರು ತಿಂಗಳು ಹಿಡಿಯಿತಂತೆ.

1990ರಲ್ಲಿ ಬಂದ 'ಡಿ.ಬಿ.ಎ.' ಎಂಬ ನಿಯಮದ ಆಟವಿದು. ದಾಳದಲ್ಲಿ ಬಿದ್ದಷ್ಟೇ ನಡೆ. ಸಾಲು ಕೂಡಿದ್ದರೆ ಇಡೀ ಸಾಲಿಗೆ ಒಂದೇ ನಡೆ ಸಾಕು. ಚದುರಿದರೆ ಒಂದೊಂದು ತುಕಡಿಗೂ ಬೇರೆ ಬೇರೆ ಬೇಕು. ಸಾಮಾನ್ಯವಾಗಿ ಮೊದಲು ನಾಲ್ಕು ತುಕಡಿ ಕಳೆದುಕೊಂಡವರಿಗೆ ಸೋಲು.

ಆ ಭಾನುವಾರ ಗೆಳೆಯನ ಕಾರ್ಥೇಜ್ ಆನೆಗಳೆದುರು ಒಂದೇ ಗಂಟೆಯಲ್ಲಿ ಆಟ ಮುಗಿಯಿತು. ಹುಡುಗ ಊಟಕ್ಕೂ ಏಳಲಿಲ್ಲ.

"ಯಾಕೋ ಸೋತೆ?"

"ಆತುರಪಟ್ಟು ಸಾಲು ಮುರಿದೆ, ದೊಡ್ಡಮ್ಮ."

ಗೊಣಗುತ್ತಿದ್ದ ತಂಗಿಯೇ ತಟ್ಟೆ ತಂದಿಟ್ಟಳು. "ಮುಂದಿನ ವಾರ ನಾವು ನೆಲದ ಮೇಲೇ ಉಣ್ಣೋಣ. ಮೇಜು ನಿನಗಿರಲಿ" ಅಂದಳು.

ಮಕ್ಕಳ ಹುಚ್ಚು ಅಂತ ಬಯ್ಯುವ ಮುಂಚೆ, ಒಂದು ಗಳಿಗೆ ಪಕ್ಕದಲ್ಲಿ ಕೂತು ನೋಡಿ!