2 ಕೆಬಿಯ ಸಂಸಾರಕ್ಕೆ ಯಾವ ಕಂಪೈಲರ್?

ಆರ್ಡುಯಿನೊ ಉನೊ ಬೋರ್ಡಿನ ಎಟಿಮೆಗಾ328ಪಿ ಚಿಪ್ಪಿಗೆ ಪ್ರೋಗ್ರಾಂ ಇಟ್ಟುಕೊಳ್ಳಲು 32 ಕೆಬಿ ಫ್ಲ್ಯಾಶ್, ಲೆಕ್ಕ ಮಾಡಲು 2 ಕೆಬಿ ರ್‍ಯಾಮ್. ಕಂಪೈಲರ್ ಅದರ ಮೇಲೆ ಓಡುವ ಮಾತೇ ಇಲ್ಲ. ಹಾಗಾಗಿ ಸಿ ಭಾಷೆಯಲ್ಲಿ ಬರೆದದ್ದನ್ನು ಲ್ಯಾಪ್‌ಟಾಪಿನಲ್ಲೇ ಚಿಪ್ಪಿನ ಯಂತ್ರಭಾಷೆಗೆ ತಿರುಗಿಸಿ, ಕೇಬಲ್ ಹಾಕಿ ಇಳಿಸುತ್ತೇವೆ. ಒಂದು ಜಾತಿಯ ಪ್ರೊಸೆಸರಿನಲ್ಲಿ ಕೂತು ಇನ್ನೊಂದು ಜಾತಿಯದಕ್ಕೆ ಕೋಡ್ ತಯಾರಿಸುವ ಈ ತಂತ್ರಾಂಶವೇ ಕ್ರಾಸ್ ಕಂಪೈಲರ್.

‘ಜಿಸಿಸಿ ಕಂಪೈಲರ್ ಇದೆಯಲ್ಲ, ಪುಕ್ಕಟೆ ಬೇರೆ’ ಎನ್ನುವವರೇ ಹೆಚ್ಚು. ಉನೊ ಮಟ್ಟಿಗೆ ಆ ಮಾತು ಸರಿ. ಅದರ ಎವಿಆರ್ ಪ್ರೊಸೆಸರಿಗೆ 32 ರಿಜಿಸ್ಟರ್‌ಗಳಿವೆ, ಸಿ ಭಾಷೆಗೆ ಒಗ್ಗುವ ವಿನ್ಯಾಸವಿದೆ. ಆದರೆ ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬ್‌ಗಳಲ್ಲಿ ಬೇರುಬಿಟ್ಟಿರುವ 8051 ಚಿಪ್ಪಿಗೆ ಜಿಸಿಸಿ ಇಲ್ಲವೇ ಇಲ್ಲ.

ಇಂಟೆಲ್ 1980ರಲ್ಲಿ ತಂದ ಆ ಚಿಪ್ಪಿನೊಳಗಿದ್ದ ರ್‍ಯಾಮ್ ಬರೀ 128 ಬೈಟ್. ಮೊದಲ 32 ಬೈಟ್‌ಗಳಲ್ಲಿ ರಿಜಿಸ್ಟರ್ ಬ್ಯಾಂಕ್‌ಗಳು ಕೂತಿವೆ, ಸ್ಟ್ಯಾಕಿಗೂ ಇದೇ ರ್‍ಯಾಮಿನಲ್ಲಿ ಜಾಗ ಮಾಡಬೇಕು. ಫಂಕ್ಷನ್ ಕರೆದಾಗಲೆಲ್ಲ ವೇರಿಯೇಬಲ್‌ಗಳನ್ನು ಸ್ಟ್ಯಾಕ್ ಮೇಲೆ ಪೇರಿಸುತ್ತ ಹೋದರೆ ಉಳಿಯುವುದೇನು? ಅದಕ್ಕೇ ಕೈಲ್ ಸಿ51 ಮತ್ತು ಎಸ್‌ಡಿಸಿಸಿ ಎಂಬ ಕಂಪೈಲರ್‌ಗಳು ಸ್ಥಳೀಯ ವೇರಿಯೇಬಲ್‌ಗಳಿಗೆ ಮೊದಲೇ ಸ್ಥಿರ ವಿಳಾಸ ಕೊಟ್ಟುಬಿಡುತ್ತವೆ; ಏಕಕಾಲಕ್ಕೆ ನಡೆಯದ ಫಂಕ್ಷನ್‌ಗಳಿಗೆ ಸಾಧ್ಯವಾದಲ್ಲಿ ಒಂದೇ ಜಾಗ ಹಂಚುತ್ತವೆ. ಉಪಾಯ ಚೆನ್ನಾಗಿದೆ, ಅಪಾಯವೂ ಇದೆ. ಒಂದೇ ಫಂಕ್ಷನ್ನನ್ನು ಮುಖ್ಯ ಪ್ರೋಗ್ರಾಂ ಬಳಸುತ್ತಿರುವಾಗಲೇ ಇಂಟರಪ್ಟ್ ಕೂಡ ಕರೆದರೆ ಹಳೆಯ ಬೆಲೆಗಳು ಅಳಿಸಿಹೋಗುತ್ತವೆ. ಪಠ್ಯಪುಸ್ತಕದ ಸಿ ಮಾತ್ರ ಕಲಿತವರಿಗೆ ಈ ದೋಷ ಹಿಡಿಯುವುದು ಕಷ್ಟ.

ಇವೆರಡರಲ್ಲಿ ಎಸ್‌ಡಿಸಿಸಿ ಉಚಿತ. ಕೈಲ್ ದುಡ್ಡಿನದು, ಪರೀಕ್ಷಾರ್ಥ ಆವೃತ್ತಿ 2 ಕೆಬಿ ಕೋಡ್ ದಾಟಲು ಬಿಡುವುದಿಲ್ಲ. ಕಲಿಯುವವರು, ಹವ್ಯಾಸಿಗಳು ಎಸ್‌ಡಿಸಿಸಿ ಹಿಡಿಯಲಿ. ಸಾವಿರಾರು ಮೀಟರ್ ತಯಾರಿಸುವ ಕಂಪನಿಯ ಲೆಕ್ಕ ಬೇರೆ: ಕೋಡ್ ಕುಗ್ಗಿ ಅಗ್ಗದ ಚಿಪ್ಪಿನಲ್ಲಿ ಹಿಡಿಸಿದರೆ ಲೈಸೆನ್ಸಿನ ದುಡ್ಡು ಹುಟ್ಟಿಬಿಡಬಹುದು.

ಕಂಪೈಲರ್ ಎಷ್ಟೇ ಒಳ್ಳೆಯದಿರಲಿ, ಚಿಪ್ಪಿನ ಗುಣ ಬಿಡುವುದಿಲ್ಲ. ಉನೊದಲ್ಲಿ ಪರದೆಗೆ ಕಳಿಸುವ ಸಂದೇಶಗಳನ್ನು ಜಿಸಿಸಿ ಫ್ಲ್ಯಾಶಿನಲ್ಲಿ ಇಡುವುದಲ್ಲದೆ, ನಾವು ಬೇಡವೆಂದು ಹೇಳದಿದ್ದರೆ ಚಿಪ್ ಶುರುವಾದೊಡನೆ ರ್‍ಯಾಮಿಗೂ ನಕಲಾಗುವಂತೆ ಮಾಡುತ್ತದೆ. 40 ಅಕ್ಷರದ ಇಂಗ್ಲಿಷ್ ಸಂದೇಶವೊಂದಕ್ಕೆ ಕೊನೆಯ ಸೊನ್ನೆಯೂ ಸೇರಿ 41 ಬೈಟ್. ಅಂಥ 50 ಸಂದೇಶಗಳಿದ್ದರೆ 2,050 ಬೈಟ್, ಇರುವುದೇ 2,048! ದಶಾಂಶ ಲೆಕ್ಕವೂ ಹೀಗೇ ದುಬಾರಿ. ಅದಕ್ಕೆ ಬೇಕಾದ ಯಂತ್ರಾಂಶ ಈ ಚಿಪ್‌ಗಳಲ್ಲಿಲ್ಲ, ಲೈಬ್ರರಿ ಕೋಡ್ ಬಂದು ಫ್ಲ್ಯಾಶಿನಲ್ಲಿ ಕೂರುತ್ತದೆ. 23.6 ಡಿಗ್ರಿಯನ್ನು 236 ಎಂದೇ ಇಟ್ಟುಕೊಂಡರೆ ಅದರ ಗೊಡವೆಯೇ ಇಲ್ಲ.

ಜಾಹೀರಾತಿನ ಅಂಕಿಅಂಶ ನಂಬಿ ಕಂಪೈಲರ್ ಕೊಳ್ಳಬೇಡಿ. ನಿಮ್ಮದೇ ಪ್ರೋಗ್ರಾಂನ ಅತ್ಯಂತ ಭಾರದ ಭಾಗವನ್ನು ಎರಡು ಕಂಪೈಲರ್‌ಗಳಿಗೆ ಕೊಡಿ, ಎರಡರಲ್ಲೂ ಗಾತ್ರ ತಗ್ಗಿಸುವ ಆಯ್ಕೆ ಹಾಕಿ, ಆಮೇಲೆ ಅವು ಬರೆದುಕೊಡುವ ಮ್ಯಾಪ್ ಫೈಲ್ ತೆರೆದು ಫ್ಲ್ಯಾಶ್ ಎಷ್ಟು, ರ್‍ಯಾಮ್ ಎಷ್ಟು ಎಂದು ನೋಡಿ.