ವಿಡಿಯೋ ಗೇಮ್‌ಗೆ ದೊಡ್ಡ ಟಿ.ವಿ.: ಕೊಳ್ಳುವ ಮುನ್ನ ಕೋಣೆ ಅಳೆಯಿರಿ

ದಸರಾ, ದೀಪಾವಳಿ ಸಮೀಪಿಸಿತೆಂದರೆ ಅನೇಕ ಮನೆಗಳಲ್ಲಿ ಹೊಸ ಟಿ.ವಿ.ಯ ಮಾತು ಆರಂಭವಾಗುತ್ತದೆ. ಮೊದಲೆಲ್ಲ ಧಾರಾವಾಹಿ, ವಾರ್ತೆ, ಕ್ರಿಕೆಟ್ ಇವಿಷ್ಟಕ್ಕೆ ಹೊಂದುವ ಟಿ.ವಿ. ಸಿಕ್ಕರೆ ಸಾಕಿತ್ತು. ಈಗ ಅಂಗಡಿಗೆ ಹೊರಡುವ ಮೊದಲೇ ಮನೆಯ ಮಕ್ಕಳು ತಮ್ಮ ಬೇಡಿಕೆ ಮುಂದಿಡುತ್ತಾರೆ. 'ಗೇಮ್ ಆಡೋಕೆ ದೊಡ್ಡದೇ ಬೇಕು, ಓಎಲ್‌ಇಡಿನೇ ಆಗ್ಬೇಕು' ಎಂದು ಮಗ ಹಟ ಹಿಡಿದರೆ, 'ಅಷ್ಟು ದೊಡ್ಡದು ಕಣ್ಣಿಗೆ ಒಳ್ಳೇದಲ್ಲ' ಎಂದು ಅಜ್ಜಿ ಆಕ್ಷೇಪಿಸುತ್ತಾರೆ. ದುಡ್ಡು ಕೊಡಬೇಕಾದ ತಂದೆ-ತಾಯಿಗೆ ಯಾರ ಮಾತು ಕೇಳಬೇಕೆಂದು ತಿಳಿಯುವುದಿಲ್ಲ.

ಯಾವ ಬಗೆಯ ಪರದೆಯೂ ತನ್ನಷ್ಟಕ್ಕೆ ತಾನೇ ಕಣ್ಣನ್ನು ಕುರುಡು ಮಾಡುವುದಿಲ್ಲ. ಹಾಗೆಯೇ 'ಕಣ್ಣಿಗೆ ಹಿತ' ಎಂದು ಬರೆದುಕೊಂಡ ಯಾವ ಪರದೆಯೂ ಗಂಟೆಗಟ್ಟಲೆ ಆಡುವ ಮಗುವನ್ನು ಕಾಪಾಡುವುದಿಲ್ಲ. ಪರದೆಯ ಬಗೆಗಿಂತ ಹೆಚ್ಚು ಮುಖ್ಯವಾದವು ಮೂರು: ಕುಳಿತುಕೊಳ್ಳುವ ದೂರ, ಕೋಣೆಯ ಬೆಳಕು, ಆಡುವ ಸಮಯ. ಈ ಮೂರನ್ನು ಮನೆಯಲ್ಲೇ ತೀರ್ಮಾನಿಸಿಕೊಂಡು ಹೋದರೆ ಅಂಗಡಿಯಲ್ಲಿ ಪರದೆ ಆರಿಸುವುದು ಸುಲಭವಾಗುತ್ತದೆ.

ಅಜ್ಜಿಯ ಮಾತು ಎಷ್ಟು ನಿಜ?

'ಟಿ.ವಿ. ಹತ್ತಿರ ಕೂರಬೇಡ, ಕಣ್ಣು ಹೋಗುತ್ತದೆ' ಎಂಬ ಎಚ್ಚರಿಕೆಗೆ ಹಿಂದೆ ಒಂದು ಕಾರಣವಿತ್ತು. 1967ರಲ್ಲಿ ಅಮೆರಿಕದ ಕಂಪೆನಿಯೊಂದು ಮಾರಿದ್ದ ಕೆಲವು ಬಣ್ಣದ ಟಿ.ವಿ.ಗಳಿಂದ ಮಿತಿಮೀರಿದ ಎಕ್ಸ್-ರೇ ಕಿರಣ ಸೋರುತ್ತಿರುವುದು ಪತ್ತೆಯಾಯಿತು. ಮರುವರ್ಷವೇ ಅಲ್ಲಿ ಇದನ್ನು ನಿಯಂತ್ರಿಸುವ ಕಾನೂನು ಬಂತು. ಅವು ಚಿತ್ರನಳಿಕೆಯ ಟಿ.ವಿ.ಗಳು. ಇಂದಿನ ಚಪ್ಪಟೆ ಟಿ.ವಿ.ಗಳಲ್ಲಿ ಆ ನಳಿಕೆಯೇ ಇಲ್ಲವಾದ್ದರಿಂದ ಆ ಭಯವೂ ಇಲ್ಲ.

ಆದರೆ ನಿಮ್ಮ ಮಗು ಎಷ್ಟು ಹೇಳಿದರೂ ಕೇಳದೆ ಟಿ.ವಿ.ಯ ಮುಂದೆಯೇ ಹೋಗಿ ಕೂರುತ್ತಿದ್ದರೆ ಗದರಿಸಿ ಸುಮ್ಮನಾಗಬೇಡಿ. ಮಗುವಿಗೆ ಸಮೀಪದೃಷ್ಟಿ ದೋಷ ಆಗಲೇ ಇದ್ದು, ದೂರದಿಂದ ಚಿತ್ರ ಮಸುಕಾಗಿ ಕಾಣುತ್ತಿರಬಹುದು. ಶಾಲೆಯ ಕರಿಹಲಗೆ ಕಾಣುತ್ತಿಲ್ಲವೆಂದು ಮಕ್ಕಳು ತಾವಾಗಿ ಹೇಳುವುದು ಕಡಿಮೆ. ಎಲ್ಲರಿಗೂ ಹಾಗೆಯೇ ಕಾಣುತ್ತದೆಂದು ಅವು ಭಾವಿಸಿರುತ್ತವೆ. ಹೊಸ ಟಿ.ವಿ. ಕೊಳ್ಳುವ ಮೊದಲು ಒಮ್ಮೆ ನೇತ್ರವೈದ್ಯರಲ್ಲಿ ಕಣ್ಣು ಪರೀಕ್ಷೆ ಮಾಡಿಸಿ. ದೊಡ್ಡ ಪರದೆ ತಂದರೆ ಮಗು ಹಿಂದೆ ಸರಿದು ಕೂರಬಹುದು, ಆದರೆ ಅದಕ್ಕೆ ಬೇಕಿದ್ದ ಕನ್ನಡಕ ಮಾತ್ರ ಸಿಕ್ಕಿರುವುದಿಲ್ಲ.

ಅಳತೆಯ ಟೇಪು ತನ್ನಿ

ಟಿ.ವಿ.ಯ ಇಂಚುಗಳ ಲೆಕ್ಕ ಮೂಲೆಯಿಂದ ಮೂಲೆಗೆ ಕರ್ಣವಾಗಿ ಅಳೆದದ್ದು. ಆ ಅಳತೆಯ ಸುಮಾರು ಒಂದೂವರೆಯಿಂದ ಒಂದೂ ಮುಕ್ಕಾಲು ಪಟ್ಟು ದೂರದಲ್ಲಿ ಕುಳಿತರೆ ಇಡೀ ಚಿತ್ರ ಕಣ್ಣಿನ ಹಿಡಿತಕ್ಕೆ ಆರಾಮವಾಗಿ ಸಿಗುತ್ತದೆ. ಈ ಲೆಕ್ಕದಂತೆ 43 ಇಂಚಿನ ಟಿ.ವಿ.ಗೆ ಸುಮಾರು 6 ಅಡಿ, 55 ಇಂಚಿಗೆ ಏಳೂವರೆ ಅಡಿ, 65 ಇಂಚಿಗೆ 9 ಅಡಿ, 75 ಇಂಚಿಗೆ 10 ಅಡಿ ದೂರವಿರಬೇಕು. ಇದು ವೈದ್ಯಶಾಸ್ತ್ರದ ಕಟ್ಟಪ್ಪಣೆಯಲ್ಲ. ಕುತ್ತಿಗೆ ಆಡಿಸದೆ, ಕಣ್ಣು ಅತ್ತಿತ್ತ ಓಡಿಸದೆ ನೋಡಲು ಅನುಕೂಲವಾದ ಅಂತರ.

ಅಳೆಯುವಾಗ ಗೋಡೆಯಿಂದ ಗೋಡೆಗೆ ಅಳೆಯಬೇಡಿ. ಟಿ.ವಿ. ಇರುವ ಜಾಗದಿಂದ ಆಡುವವರ ಕಣ್ಣಿನವರೆಗೆ ಅಳೆಯಿರಿ. ಸೋಫಾ 9 ಅಡಿ ದೂರದಲ್ಲಿದ್ದರೂ ಮಕ್ಕಳು ಅದರ ಮುಂದೆ ಚಾಪೆ ಹಾಸಿಕೊಂಡು ಕೂರುವವರಾದರೆ ಅಂತರ ಆರು ಅಡಿಗೆ ಇಳಿಯಿತು. ಧಾರಾವಾಹಿ ನೋಡುವಾಗ ಹಿಂದಕ್ಕೆ ಒರಗುವ ಮಗು ಗೇಮ್ ಬಿಸಿಯೇರಿದಾಗ ಮುಂದಕ್ಕೆ ಬಾಗುತ್ತದೆ ಎಂಬುದೂ ನೆನಪಿರಲಿ. ಜೊತೆಗೆ ಗೇಮ್‌ನಲ್ಲಿ ನಕ್ಷೆ ಒಂದು ಮೂಲೆಯಲ್ಲಿ, ಅಂಕಗಳು ಇನ್ನೊಂದು ಮೂಲೆಯಲ್ಲಿ ಇರುತ್ತವೆ. ಚಿಕ್ಕ ಹಾಲಿನಲ್ಲಿ 65 ಇಂಚು ತಂದಿಟ್ಟರೆ ಇವೆಲ್ಲವನ್ನೂ ನೋಡಲು ಕಣ್ಣು, ಕುತ್ತಿಗೆ ಎಡೆಬಿಡದೆ ದುಡಿಯಬೇಕಾಗುತ್ತದೆ.

ಹೆಸರು ಹಲವು, ಬಗೆ ಎರಡು

ಅಂಗಡಿಯಲ್ಲಿ ಹತ್ತಾರು ಹೆಸರು ಹೇಳುತ್ತಾರೆ. ಮನೆಗಳಿಗೆ ಕೊಳ್ಳುವ ಟಿ.ವಿ.ಗಳು ಮುಖ್ಯವಾಗಿ ಎರಡೇ ಬಗೆ.

ಮೊದಲನೆಯದು ಎಲ್‌ಸಿಡಿ. ಹಿಂದಿನಿಂದ ದೀಪದ ಬೆಳಕು ಬಿದ್ದು, ಮುಂದಿನ ದ್ರವಸ್ಫಟಿಕದ ಪದರ ಅದನ್ನು ಬೇಕಾದಷ್ಟು ಬಿಟ್ಟು, ಬೇಡವಾದಷ್ಟು ತಡೆದು ಚಿತ್ರ ಮೂಡಿಸುತ್ತದೆ. 'ಎಲ್‌ಇಡಿ ಟಿ.ವಿ.' ಎಂದು ಮಾರುವುದೂ ಇದನ್ನೇ. ಹಿಂದಿನ ದೀಪ ಎಲ್‌ಇಡಿ, ಅಷ್ಟೆ. 'ಕ್ಯೂಎಲ್‌ಇಡಿ' ಎಂಬುದೂ ಬಣ್ಣ ಸುಧಾರಿಸಿದ ಎಲ್‌ಸಿಡಿಯೇ. ಒಂದಕ್ಷರದ ವ್ಯತ್ಯಾಸ ನೋಡಿ ಅದನ್ನು ಓಎಲ್‌ಇಡಿ ಎಂದು ತಿಳಿಯಬೇಡಿ. 'ಮಿನಿ ಎಲ್‌ಇಡಿ'ಯಲ್ಲಿ ಹಿಂದಿನ ದೀಪಗಳು ಬಹಳ ಚಿಕ್ಕವು, ಸಂಖ್ಯೆಯಲ್ಲಿ ಹೆಚ್ಚು. ಆದ್ದರಿಂದ ಕತ್ತಲೆಯ ಭಾಗದ ದೀಪಗಳನ್ನಷ್ಟೇ ಮಂದಗೊಳಿಸಲು ಸಾಧ್ಯ.

ಎರಡನೆಯದು ಓಎಲ್‌ಇಡಿ. ಇಲ್ಲಿ ಹಿಂದೆ ದೀಪವಿಲ್ಲ. ಪರದೆಯ ಒಂದೊಂದು ಚುಕ್ಕೆಯೂ ತಾನೇ ಬೆಳಗುತ್ತದೆ, ತಾನೇ ಆರುತ್ತದೆ. ಆದ್ದರಿಂದ ಕಪ್ಪು ನಿಜವಾಗಿಯೂ ಕಪ್ಪಾಗಿ ಕಾಣುತ್ತದೆ, ವೇಗವಾಗಿ ಓಡುವ ದೃಶ್ಯ ಕಲಸಿಕೊಳ್ಳುವುದು ಕಡಿಮೆ. ಗೇಮ್ ಆಡುವ ಹುಡುಗರು ಇದನ್ನು ಮೆಚ್ಚುವುದು ಇದೇ ಕಾರಣಕ್ಕೆ.

ನಿಮ್ಮ ಮನೆಗೆ ಯಾವುದು? ಹಗಲೆಲ್ಲ ಕಿಟಕಿಯ ಬೆಳಕು ಬೀಳುವ ಹಾಲ್ ಆದರೆ ಒಳ್ಳೆಯ ಎಲ್‌ಸಿಡಿ, ಸಾಧ್ಯವಾದರೆ ಮಿನಿ ಎಲ್‌ಇಡಿ ಹೊಂದುತ್ತದೆ. ಬೆಳಕಿನ ಕೋಣೆಯಲ್ಲಿ ಮಂಕು ಪರದೆ ಇದ್ದರೆ ಕಣ್ಣು ಕಿರಿದು ಮಾಡಿ ನೋಡುವ ಅಭ್ಯಾಸವಾಗುತ್ತದೆ, ತಲೆನೋವು ಬರುತ್ತದೆ. ಪರದೆ ಹಾಕಿ ಬೆಳಕು ತಗ್ಗಿಸಬಹುದಾದ ಕೋಣೆ, ಸಂಜೆಯ ಮೇಲಿನ ಆಟ ಎಂದಾದರೆ ಓಎಲ್‌ಇಡಿ ಒಪ್ಪುತ್ತದೆ. ಆದರೆ ಅಜ್ಜ ಬೆಳಗಿನಿಂದ ಒಂದೇ ವಾರ್ತಾ ಚಾನೆಲ್ ಹಾಕಿಕೊಂಡು ಕೂರುವ ಮನೆಯಲ್ಲಿ ಓಎಲ್‌ಇಡಿ ಕೊಳ್ಳುವ ಮುನ್ನ ಯೋಚಿಸಿ. ಚಾನೆಲ್‌ನ ಲಾಂಛನ, ಕೆಳಗಿನ ಸುದ್ದಿಪಟ್ಟಿ, ಗೇಮ್‌ನ ಅಂಕಪಟ್ಟಿ ಇಂಥ ಕದಲದ ಚಿತ್ರಗಳು ವರ್ಷಗಟ್ಟಲೆ ಒಂದೇ ಜಾಗದಲ್ಲಿದ್ದರೆ ಅವುಗಳ ಕಲೆ ಪರದೆಯ ಮೇಲೆ ಉಳಿದುಬಿಡಬಹುದು. ಅಕ್ಕಪಕ್ಕ ನಾಲ್ಕು ಜನ ಕುಳಿತು ಆಡುವ ಮನೆಯವರು ಅಂಗಡಿಯಲ್ಲಿ ಪಕ್ಕಕ್ಕೆ ಸರಿದು ನಿಂತೂ ನೋಡಬೇಕು. ಕೆಲವು ಎಲ್‌ಸಿಡಿಗಳಲ್ಲಿ ಪಕ್ಕದಿಂದ ನೋಡಿದಾಗ ಬಣ್ಣ ಮಾಸಿದಂತೆ ಕಾಣುತ್ತದೆ.

ಕಣ್ಣಿಗೆ ಕಾಣದ ಮಿನುಗು

ಕೆಲವು ಟಿ.ವಿ.ಗಳು ಬೆಳಕು ಕಡಿಮೆ ಮಾಡಲು ಒಂದು ಉಪಾಯ ಬಳಸುತ್ತವೆ: ದೀಪವನ್ನು ಸೆಕೆಂಡಿಗೆ ನೂರಾರು ಬಾರಿ ಆರಿಸಿ ಹೊತ್ತಿಸುತ್ತವೆ. ಇದು ಕಣ್ಣಿಗೆ ಗೊತ್ತಾಗದಿದ್ದರೂ ಕೆಲವರಿಗೆ, ಅದರಲ್ಲೂ ಅರೆತಲೆನೋವು ಇರುವವರಿಗೆ, ತಲೆ ಭಾರವೆನಿಸಬಹುದು. ಅಂಗಡಿಯಲ್ಲಿ ಟಿ.ವಿ.ಯ ಬೆಳಕನ್ನು ಅರ್ಧಕ್ಕಿಂತ ಕಡಿಮೆ ಮಾಡಿಸಿ, ನಿಮ್ಮ ಮೊಬೈಲ್ ಕ್ಯಾಮೆರಾದಲ್ಲಿ ನೋಡಿ. ದಟ್ಟವಾದ ಕಪ್ಪು ಪಟ್ಟಿಗಳು ಓಡಾಡುವಂತೆ ಕಂಡರೆ ಮಿನುಗು ಇರಬಹುದು. ಇದು ಸ್ಥೂಲ ಪರೀಕ್ಷೆಯೇ ಆದರೂ ತಲೆನೋವಿನ ಪ್ರವೃತ್ತಿ ಇರುವ ಮನೆಗೆ ಉಪಯುಕ್ತ.

ಇನ್ನು ಅಂಗಡಿಯವರು ಹೇಳುವ 60 ಹರ್ಟ್ಸ್, 120 ಹರ್ಟ್ಸ್ ಎಂದರೆ ಸೆಕೆಂಡಿಗೆ ಅಷ್ಟು ಬಾರಿ ಚಿತ್ರ ಬದಲಾಗುತ್ತದೆಂದು ಅರ್ಥ. 120 ಇದ್ದರೆ ಓಟದ ದೃಶ್ಯಗಳು ನಯವಾಗಿ ಕಾಣುತ್ತವೆ. ಆದರೆ ನಿಮ್ಮ ಗೇಮ್ ಯಂತ್ರ ಅಷ್ಟು ಕೊಡುವುದಾದರೆ ಮಾತ್ರ ಅದಕ್ಕೆ ಹಣ ಸುರಿಯಿರಿ. 'ಗೇಮ್ ಮೋಡ್' ಇದೆಯೇ ಎಂದು ಕೇಳಿ. ಗುಂಡಿ ಒತ್ತಿದ್ದಕ್ಕೂ ಪರದೆಯ ಮೇಲೆ ಅದು ಕಾಣುವುದಕ್ಕೂ ನಡುವಿನ ವಿಳಂಬವನ್ನು ಅದು ತಗ್ಗಿಸುತ್ತದೆ.

ಕುಳಿತಲ್ಲೇ ಘಾಟಿ ಪ್ರಯಾಣ

ಚಾರ್ಮಾಡಿ ಘಾಟಿಯ ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುವ ಮಕ್ಕಳನ್ನು ನೀವು ನೋಡಿರುತ್ತೀರಿ. ಕೆಲವರಿಗೆ ದೊಡ್ಡ ಪರದೆಯಲ್ಲಿ ಓಡುವ, ತಿರುಗುವ ಗೇಮ್ ಆಡುವಾಗಲೂ ಹಾಗೆಯೇ ಆಗುತ್ತದೆ. 'ನಾನು ಓಡುತ್ತಿದ್ದೇನೆ' ಎಂದು ಕಣ್ಣು ಹೇಳಿದರೆ, 'ಇಲ್ಲ, ಕುಳಿತಿದ್ದೇನೆ' ಎಂದು ಒಳಕಿವಿಯ ಸಮತೋಲನದ ಅಂಗ ಹೇಳುತ್ತದೆ. ಈ ಗೊಂದಲವೇ ತಲೆಸುತ್ತು, ಓಕರಿಕೆಗೆ ಕಾರಣ. ಪರದೆ ದೊಡ್ಡದಾದಷ್ಟೂ, ಹತ್ತಿರ ಬಂದಷ್ಟೂ ತೊಂದರೆ ಹೆಚ್ಚು. ಹಿಂದೆ ಸರಿದು ಕೂರುವುದು, ಕೋಣೆಯ ದೀಪ ಹಾಕುವುದು, ಗೇಮ್‌ನಲ್ಲಿ ಕ್ಯಾಮೆರಾ ಅಲುಗಾಟವನ್ನು ನಿಲ್ಲಿಸುವುದು ಸಹಾಯಕ. ಓಕರಿಕೆ ಶುರುವಾದೊಡನೆ ಆಟ ನಿಲ್ಲಿಸಬೇಕು. 'ಅಭ್ಯಾಸವಾಗುತ್ತದೆ' ಎಂದು ಮುಂದುವರಿಸುವುದು ಬೇಡ.

ಮೂರ್ಛೆರೋಗ ಇರುವವರ ಮನೆಯಲ್ಲಿ

1997ರ ಡಿಸೆಂಬರ್ 16ರಂದು ಜಪಾನಿನಲ್ಲಿ 'ಪೋಕೆಮಾನ್' ಕಾರ್ಟೂನಿನ ಒಂದು ಕಂತಿನಲ್ಲಿ ಕೆಂಪು, ನೀಲಿ ಬೆಳಕು ಸೆಕೆಂಡಿಗೆ ಸುಮಾರು 12 ಬಾರಿ ಫಳಫಳ ಹೊಳೆಯಿತು. ಆ ಸಂಜೆ ಆರು ನೂರಕ್ಕೂ ಹೆಚ್ಚು ಜನರನ್ನು, ಅವರಲ್ಲಿ ಬಹುಪಾಲು ಮಕ್ಕಳನ್ನು, ಆಸ್ಪತ್ರೆಗೆ ಒಯ್ಯಬೇಕಾಯಿತು. ಅಂದು ಮೂರ್ಛೆ ಹೋದ ಅನೇಕರಿಗೆ ಅದಕ್ಕೆ ಮೊದಲು ಎಂದೂ ಮೂರ್ಛೆ ಬಂದಿರಲಿಲ್ಲ.

ಮೂರ್ಛೆರೋಗ ಇರುವ ನೂರು ಜನರಲ್ಲಿ ಸುಮಾರು ಮೂವರಿಗೆ ಮಾತ್ರ ಬೆಳಕಿನ ಮಿಂಚಿನಿಂದ ಮೂರ್ಛೆ ಬರುತ್ತದೆ. ಮಕ್ಕಳು ಮತ್ತು ಹದಿಹರೆಯದವರಲ್ಲಿ ಇದು ಹೆಚ್ಚು. ಇಂಥವರಿಗೆ ಎಲ್‌ಸಿಡಿಯೋ ಓಎಲ್‌ಇಡಿಯೋ ಎಂಬುದಕ್ಕಿಂತ, ಮಿಂಚುವ ಚಿತ್ರ ದೃಷ್ಟಿಯ ಎಷ್ಟು ಭಾಗವನ್ನು ಆವರಿಸುತ್ತದೆ ಎಂಬುದು ಮುಖ್ಯ. ಮನೆಯಲ್ಲಿ ಯಾರಿಗಾದರೂ ಮೂರ್ಛೆ ಇದ್ದರೆ ವೈದ್ಯರನ್ನು ಕೇಳದೆ ದೊಡ್ಡ ಪರದೆ ಕೊಳ್ಳಬೇಡಿ. ಆಡುವಾಗ ದೀಪ ಉರಿಯುತ್ತಿರಲಿ, ದೂರ ಕೂರಲಿ, ನಿದ್ದೆಗೆಟ್ಟು ಆಡುವುದು ಬೇಡವೇ ಬೇಡ. ಮಿಂಚು ಸಹಿಸಲಾಗದೆ ಹೋದರೆ ಅಂಗೈಯಿಂದ ಒಂದು ಕಣ್ಣನ್ನು ಪೂರ್ತಿ ಮುಚ್ಚಿ ಮುಖ ತಿರುಗಿಸಲು ಮಗುವಿಗೆ ಹೇಳಿಕೊಡಿ.

ಮೂರ್ಛೆ ಬಂದೇ ಬಿಟ್ಟರೆ ಕೈಗೆ ಕಬ್ಬಿಣ, ಬೀಗದ ಕೈ ಕೊಡುವುದು, ಈರುಳ್ಳಿ ಮೂಸಿಸುವುದು, ಬಾಯಿಗೆ ಚಮಚ ತುರುಕುವುದು ಯಾವುದೂ ಬೇಡ. ಸುತ್ತಲಿನ ವಸ್ತುಗಳನ್ನು ಸರಿಸಿ, ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಗಡಿಯಾರ ನೋಡಿ. ಐದು ನಿಮಿಷದೊಳಗೆ ನಿಲ್ಲದಿದ್ದರೆ, ಅಥವಾ ಮೊದಲ ಬಾರಿಗೆ ಬಂದಿದ್ದರೆ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಮನೆಗೆ ತಂದ ಮೇಲೆ

ಅಂಗಡಿಯಲ್ಲಿ ಗಿರಾಕಿಯನ್ನು ಸೆಳೆಯಲೆಂದು ಬೆಳಕು, ಬಣ್ಣಗಳನ್ನು ಅತಿಯಾಗಿ ಏರಿಸಿರುತ್ತಾರೆ. ಮನೆಯಲ್ಲಿ ಅದನ್ನು ಸಾಧಾರಣ ಮಟ್ಟಕ್ಕೆ ಇಳಿಸಿ. ಕಿಟಕಿಯ ಎದುರಿಗೆ ಟಿ.ವಿ. ಇಡಬೇಡಿ. ಪರದೆಯ ನಡುಭಾಗ ಕುಳಿತವರ ಕಣ್ಣಿನ ಮಟ್ಟಕ್ಕೆ ಹತ್ತಿರವಿರಲಿ. ಶೋಕೇಸಿನ ಮೇಲ್ಗಡೆ ಇಟ್ಟರೆ ಕುತ್ತಿಗೆ ನೋವು ಖಚಿತ. ಪೂರ್ಣ ಕತ್ತಲೆಯಲ್ಲಿ ಆಡುವ ಬದಲು ಟಿ.ವಿ.ಯ ಹಿಂಬದಿ ಒಂದು ಮಂದ ದೀಪವಿದ್ದರೆ ಕಣ್ಣಿಗೆ ಹಿತ. ಪುಟ್ಟ ಮಕ್ಕಳಿರುವ ಮನೆಯಲ್ಲಿ ಟಿ.ವಿ.ಯನ್ನು ಗೋಡೆಗೆ ಭದ್ರವಾಗಿ ಬಿಗಿಸಿ. ಮೇಜಿನ ಮೇಲಿಟ್ಟ ದೊಡ್ಡ ಟಿ.ವಿ. ಮಗುವಿನ ಮೇಲೆ ಬಿದ್ದರೆ ಪ್ರಾಣಾಪಾಯ.

ಪರದೆ ನೋಡುವಾಗ ನಾವು ಕಣ್ಣು ಮಿಟುಕಿಸುವುದು ಕಡಿಮೆ. ಅದರಿಂದಲೇ ಉರಿ, ಮರಳು ಬಿದ್ದಂಥ ಅನುಭವ. ಪ್ರತಿ 20 ನಿಮಿಷಕ್ಕೊಮ್ಮೆ, 20 ಅಡಿ ಆಚೆಗಿನ ವಸ್ತುವನ್ನು 20 ಸೆಕೆಂಡು ನೋಡುವ ನಿಯಮ ರೂಢಿಸಿ. ಮಲಗುವುದಕ್ಕೆ ಒಂದು ಗಂಟೆ ಮೊದಲು ಆಟ ಮುಗಿಯಲಿ. ಮಕ್ಕಳು ಮಲಗುವ ಕೋಣೆಯಲ್ಲಿ ಟಿ.ವಿ. ಬೇಡ. ದಿನಕ್ಕೆ ಎರಡು ಗಂಟೆ ಬಯಲಿನ ಬೆಳಕಿನಲ್ಲಿ ಆಡುವ ಮಕ್ಕಳಲ್ಲಿ ಸಮೀಪದೃಷ್ಟಿ ದೋಷ ಆರಂಭವಾಗುವುದು ಕಡಿಮೆ ಎಂಬುದನ್ನೂ ಮರೆಯಬೇಡಿ. ಐದು ವರ್ಷದೊಳಗಿನ ಮಕ್ಕಳು ಕುಳಿತು ಪರದೆ ನೋಡುವುದು ದಿನಕ್ಕೆ ಒಂದು ಗಂಟೆ ಮೀರಬಾರದು, ಎರಡು ವರ್ಷ ತುಂಬದ ಮಕ್ಕಳಿಗೆ ಅದು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ.

ಊಟ, ನಿದ್ದೆ, ಓದು, ಗೆಳೆಯರು ಎಲ್ಲಕ್ಕಿಂತ ಗೇಮ್ ದೊಡ್ಡದಾಗಿ, ಕೆಡುಕು ಕಣ್ಣಿಗೆ ಕಂಡರೂ ಬಿಡಲಾಗದ ಸ್ಥಿತಿ ತಿಂಗಳುಗಟ್ಟಲೆ ಮುಂದುವರಿದರೆ ಅದು ಹಟವಲ್ಲ, ಚಿಕಿತ್ಸೆ ಬೇಕಾದ ಸಮಸ್ಯೆ. 2022ರ ಜನವರಿಯಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಇದಕ್ಕೆ ಸ್ಥಾನವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಲ್ಲೇ ಇಂಥವರಿಗಾಗಿ 'ಶಟ್' ಎಂಬ ಚಿಕಿತ್ಸಾಲಯ ಆರಂಭವಾಯಿತು.

ಆದ್ದರಿಂದ ಅಂಗಡಿಗೆ ಹೊರಡುವ ಮುನ್ನ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಕೂರುವ ದೂರ ಎಷ್ಟು ಅಡಿ, ಹಗಲು ಆಟವೋ ಸಂಜೆ ಆಟವೋ, ಕೋಣೆಗೆ ಬೆಳಕು ಎಷ್ಟು, ಮನೆಯಲ್ಲಿ ತಲೆನೋವು ಅಥವಾ ಮೂರ್ಛೆ ಯಾರಿಗಿದೆ, ಮಗುವಿನ ಕಣ್ಣು ಪರೀಕ್ಷೆ ಆಗಿದೆಯೇ. ದಿನಕ್ಕೆ ಎಷ್ಟು ಹೊತ್ತು ಆಟ ಎಂಬುದನ್ನು ಮಗುವಿನ ಕೈಯಲ್ಲೇ ಬರೆಸಿ. ಟಿ.ವಿ. ಇನ್ನೂ ಮನೆಗೆ ಬಂದಿರದ ಆ ದಿನಗಳಲ್ಲಿ ಮಗು ಈ ಮಾತಿಗೆ ಸುಲಭವಾಗಿ ಒಪ್ಪುತ್ತದೆ.