ಹೆಸರಿನ ಬಾಲದಲ್ಲಿ ಊರು: ಲ್ಯಾಟಿನ್ ಶೀರ್ಷಿಕೆ ಓದುವ ಬಗೆ

‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಹೆಸರು ಶಾಸನಗಳಲ್ಲಿ ಆಸಕ್ತಿಯಿರುವ ಕನ್ನಡಿಗರಿಗೆಲ್ಲ ಪರಿಚಿತ. ಬಿ. ಎಲ್. ರೈಸ್ ಅವರು 1886ರಲ್ಲಿ ಕೊಡಗಿನ ಶಾಸನಗಳಿಂದ ಆರಂಭಿಸಿದ ಸಂಪುಟಮಾಲೆ ಅದು. ಅಲ್ಲಿ ‘ಕರ್ನಾಟಕ’ ಎಂಬುದು ‘ಕರ್ನಾಟಿಕಾ’ ಆಗಿರುವುದಕ್ಕೆ ಲ್ಯಾಟಿನ್ ವ್ಯಾಕರಣ ಕಾರಣ.

ನಾವು ಮೈಸೂರಿನವನು, ಮೈಸೂರಿನವಳು, ಮೈಸೂರಿನದು ಎನ್ನುತ್ತೇವಲ್ಲ, ಲ್ಯಾಟಿನ್‌ನಲ್ಲೂ ಹಾಗೆಯೇ. ಊರಿನ ಹೆಸರಿಗೆ ಪ್ರತ್ಯಯ ಹತ್ತಿಸಿ ವಿಶೇಷಣ ಮಾಡುತ್ತಾರೆ. ಅದು ನಾಮಪದದ ಲಿಂಗ, ವಚನ, ವಿಭಕ್ತಿಗಳಿಗೆ ಹೊಂದಬೇಕು. ಶೀರ್ಷಿಕೆಗಳಲ್ಲಿ ಸಾಮಾನ್ಯವಾಗಿ ನಾಮಪದದ ನಂತರ ಬರುತ್ತದೆ.

ಮಲಬಾರನ್ನೇ ನೋಡಿ. ತೋಟ ಎಂಬರ್ಥದ ‘ಹೊರ್ಟಸ್’ ಪುಲ್ಲಿಂಗ. ಆದ್ದರಿಂದ 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ 12 ಸಂಪುಟಗಳಲ್ಲಿ ಅಚ್ಚಾದ ಸಸ್ಯಗ್ರಂಥ ‘ಹೊರ್ಟಸ್ ಮಲಬಾರಿಕಸ್’. ನಮ್ಮ ರಾಂಪತ್ರೆ ಸ್ತ್ರೀಲಿಂಗದ ‘ಮಿರಿಸ್ಟಿಕಾ ಮಲಬಾರಿಕಾ’. ಬೂರುಗದ ಹಳೆಯ ಹೆಸರು ನಪುಂಸಕ ಲಿಂಗದ ‘ಬಾಂಬ್ಯಾಕ್ಸ್ ಮಲಬಾರಿಕಮ್’. ಊರು ಒಂದೇ, ಬಾಲ ಮೂರು.

ಇನ್ನೊಂದು ಪ್ರತ್ಯಯ ‘ಎನ್ಸಿಸ್’. ‘ಥನ್‌ಬರ್ಜಿಯಾ ಮೈಸೂರೆನ್ಸಿಸ್’ ಎಂದರೆ ಮೈಸೂರಿನ ಥನ್‌ಬರ್ಜಿಯಾ ಬಳ್ಳಿ. ಇದು ಪುಲ್ಲಿಂಗಕ್ಕೂ ಸ್ತ್ರೀಲಿಂಗಕ್ಕೂ ಒಂದೇ. ನಪುಂಸಕಕ್ಕೆ ಮಾತ್ರ ‘ಎನ್ಸೆ’.

ಎಡವುವುದು ಬಹುವಚನದಲ್ಲಿ. ‘ಕಾರ್ಮಿನಾ ಬುರಾನಾ’ ಕೇಳಿದರೆ ಹೆಣ್ಣೊಬ್ಬಳ ಹೆಸರಿನಂತಿದೆ. ಆದರೆ ‘ಕಾರ್ಮೆನ್’ ಎಂದರೆ ಹಾಡು, ನಪುಂಸಕ. ಅದರ ಬಹುವಚನ ‘ಕಾರ್ಮಿನಾ’. ಹೀಗಾಗಿ ವಿಶೇಷಣವೂ ‘ಬುರಾನಾ’. ಜರ್ಮನಿಯ ಬವೇರಿಯಾದಲ್ಲಿರುವ ಬೆನೆಡಿಕ್ಟ್‌ಬಾಯರ್ನ್ ಮಠದಲ್ಲಿ 1803ರಲ್ಲಿ ಸಿಕ್ಕ ಹಸ್ತಪ್ರತಿಯ ಹಾಡುಗಳಿವು. ಆ ಸ್ಥಳದ ಲ್ಯಾಟಿನ್ ಹೆಸರು ಬುರಾ. 1847ರಲ್ಲಿ ಈ ಹಾಡುಗಳನ್ನು ಅಚ್ಚು ಹಾಕಿಸಿದ ಷ್ಮೆಲ್ಲರ್ ಅವರು ‘ಬುರಾದ ಹಾಡುಗಳು’ ಎಂದು ಕರೆದರು. ಕಾರ್ಲ್ ಓರ್ಫ್ 24 ಪದ್ಯಗಳನ್ನು ಆಯ್ದು ರಾಗ ಹಾಕಿದ ಕೃತಿ 1937ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಮೊದಲು ಪ್ರದರ್ಶನ ಕಂಡಿತು. ಕೇಂಬ್ರಿಜ್‌ನ ಹಸ್ತಪ್ರತಿಯಲ್ಲಿ ಉಳಿದ ಹಾಡುಗಳು ಇದೇ ನಿಯಮದಂತೆ ‘ಕಾರ್ಮಿನಾ ಕಾಂಟಾಬ್ರಿಗಿಯೆನ್ಸಿಯಾ’.

ಒಂದು ಎಚ್ಚರ ಬೇಕು. ಹೆಸರಿನಲ್ಲಿರುವ ಊರು ಕೃತಿ ಹುಟ್ಟಿದ ಊರೋ ಈಗ ಇರುವ ಊರೋ ಆಗಿರಬೇಕಿಲ್ಲ. ಬುರಾನಾ ಹಸ್ತಪ್ರತಿ ಆ ಮಠದಲ್ಲಿ ಬರೆದದ್ದಲ್ಲ ಎಂದೇ ಈಗಿನ ವಿದ್ವಾಂಸರ ಅಭಿಪ್ರಾಯ. ಸೀನಾಯ್ ಬೆಟ್ಟದ ಮಠದಲ್ಲಿ ಸಿಕ್ಕ ಬೈಬಲ್ ಹಸ್ತಪ್ರತಿ ‘ಕೋಡೆಕ್ಸ್ ಸಿನಾಯಿಟಿಕಸ್’ನ ಬಹುಭಾಗ ಈಗ ಲಂಡನ್ನಿನಲ್ಲಿದೆ.

ಆದ್ದರಿಂದ ಇಂಥ ಶೀರ್ಷಿಕೆ ಎದುರಾದರೆ ಮೊದಲು ನಾಮಪದ ಗುರುತಿಸಿ, ಆಮೇಲೆ ಬಾಲ ಬಿಡಿಸಿ ಊರು ಹುಡುಕಿ. ಆ ಊರಿಗೂ ಕೃತಿಗೂ ಇರುವ ನಂಟು ಎಂಥದ್ದೆಂದು ಕೊನೆಗೆ ವಿಚಾರಿಸಿ.